ಆರು ನಿಮಿಷ ಖಾಲಿ ಉಳಿದ ಹಾಳೆ

ರೆಕಾರ್ಡು ಒತ್ತುವ ಕಾರ್ಖಾನೆಯ ಹಿಂಭಾಗದಲ್ಲಿ, ಉಗ್ರಾಣಕ್ಕೂ ಕೈತೊಳೆಯುವ ಜಾಗಕ್ಕೂ ನಡುವೆ ಒಂದು ಸಣ್ಣ ಕೋಣೆ ಇದೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಅಂಟಿಸಿದ್ದಾರೆ. ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಬಡಿದಿರುವುದರಿಂದ, ಮುಚ್ಚಿದ ಕೂಡಲೇ ಹೊರಗಿನ ಯಂತ್ರಗಳ ಸದ್ದು ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ಒಳಗೆ ಒಂದು ಮೇಜು, ಟರ್ನ್‌ಟೇಬಲ್, ಹೆಡ್‌ಫೋನ್, ಗೋಡೆ ಗಡಿಯಾರ, ಕುರ್ಚಿ. ಆ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ಕೂತ ಹೆಂಗಸಿಗೆ ಈಗ ಐವತ್ತೊಂದು. ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಕಿವಿಯಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಆಕೆಯೇ ಒಂದೇ ಸಲಕ್ಕೆ ತಿರುಗುವುದಿಲ್ಲ.

ಕಿವಿಯಕ್ಕನ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. "ಇಡೀ ದಿನ ಹಾಡು ಕೇಳ್ತಾ ಕೂರೋದಾ? ಪುಣ್ಯ ಮಾಡಿದ್ದೀರಿ" ಅನ್ನುತ್ತಾರೆ. ಆಕೆ ಕೇಳುವುದು ಹಾಡನ್ನಲ್ಲ, ಹಾಡಿನ ಹಿಂದೆ ಇರಬಾರದ ಸದ್ದು ಇದೆಯೇ ಎಂಬುದನ್ನು. ಅಚ್ಚು ಬಂದ ಮೇಲೆ ಮೊದಲು ಐದು ಮಾದರಿ ರೆಕಾರ್ಡು ಒತ್ತುತ್ತಾರೆ. ಅದರಲ್ಲಿ ಒಂದನ್ನು ಆಕೆ ಎರಡೂ ಬದಿ ಪೂರ್ತಿ ಕೇಳಿ ಸಹಿ ಹಾಕಿದ ಮೇಲೆಯೇ ಉಳಿದ ನೂರಾರು. ಆಕೆಯ ಮುಂದೆ ಒಂದು ಹಾಳೆ ಇರುತ್ತದೆ, ನಿಮಿಷಕ್ಕೊಂದು ಚೌಕ. ನಿಮಿಷ ಸ್ವಚ್ಛವಾಗಿ ಕಳೆದರೆ ಚೌಕದಲ್ಲಿ ಒಂದು ಗೀಟು, ಸದ್ದು ಸಿಕ್ಕರೆ ಅದರ ಹೆಸರು.

ಹೆಸರುಗಳನ್ನು ಇಟ್ಟವರು ಹಿಂದಿನ ಕಾಲದ ಕೆಲಸಗಾರರು. ಧೂಳಿನ ಒಂಟಿ ಸದ್ದು 'ಚಿಟ್'. ಕಾದ ಬಾಣಲೆಗೆ ಉಪ್ಪು ಉದುರಿಸಿದ ಹಾಗೆ ಕೇಳಿದರೆ 'ಉಪ್ಪು'. ರೆಕಾರ್ಡು ಒಂದು ಸುತ್ತು ಬಂದಾಗಲೆಲ್ಲ ಒಂದೇ ಜಾಗದಲ್ಲಿ ಟಿಕ್ ಅಂದರೆ 'ಹೊಲಿಗೆ'. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಸ್ವರ ಸುತ್ತಿಗೊಮ್ಮೆ ಏರಿ ಇಳಿಯುತ್ತದೆ, ಅದು 'ತೂಗು'. ಸಣ್ಣ ತೂಗು ಮೊದಲ ನಿಮಿಷಗಳಲ್ಲಿ ಗೊತ್ತಾಗುವುದಿಲ್ಲ. ರೆಕಾರ್ಡಿನ ಮೇಲೆ ಓಡುವ ಮುಳ್ಳು ನಡುವಿಗೆ ಹತ್ತಿರವಾದಂತೆ, ಅದೂ ಉದ್ದ ಸ್ವರ ಬಂದಾಗ, ತಿಳಿಯುತ್ತದೆ. ಆಗ ಖಚಿತ ಮಾಡಿಕೊಳ್ಳಲು ಮುಳ್ಳು ಹೊತ್ತ ತೋಳನ್ನು ನೋಡಬೇಕು, ಅದು ಅತ್ತಿತ್ತ ಓಲಾಡುತ್ತಿರುತ್ತದೆ. ಅದಕ್ಕೇ ಆ ಕೋಣೆಯಲ್ಲಿ ಕಣ್ಣು ಮುಚ್ಚಿ ಕೇಳಬಾರದೆಂಬ ನಿಯಮ.

ಹತ್ತೊಂಬತ್ತು ವರ್ಷದಲ್ಲಿ ಆಕೆ ಸಹಿ ಹಾಕಿದ ಯಾವ ರೆಕಾರ್ಡೂ ವಾಪಸು ಬಂದಿರಲಿಲ್ಲ. ಒತ್ತುವ ಯಂತ್ರ ನಡೆಸುವವನನ್ನು ಎಲ್ಲರೂ ಬಿಸಿಕೈ ಅನ್ನುತ್ತಾರೆ. ಕಾದ ಪ್ಲಾಸ್ಟಿಕ್ ಮುದ್ದೆಯನ್ನು ಮುಟ್ಟಿ ಮುಟ್ಟಿ ಅವನ ಅಂಗೈ ದಪ್ಪಗಟ್ಟಿದೆ. "ನಾನು ಇಲ್ಲಿ ಸೀನಿದ್ರೆ ಕಿವಿಯಕ್ಕ ಅಲ್ಲಿ ಎಷ್ಟನೇ ನಿಮಿಷದಲ್ಲಿ ಸೀನಿದೆ ಅಂತ ಬರ್ಕೋತಾಳೆ" ಎಂಬುದು ಅವನ ಹಳೆಯ ತಮಾಷೆ. ಆಕೆಯ ಮನೆಯಲ್ಲಿ ಮಾತ್ರ ರೆಕಾರ್ಡು ಹಾಕುವ ಯಂತ್ರವಿಲ್ಲ. ಬೇಕೆಂದು ಅನ್ನಿಸಿಯೂ ಇರಲಿಲ್ಲ.

ಆ ವರ್ಷ ಆಕೆಗೆ ಏನೂ ಬೇಕೆನ್ನಿಸುತ್ತಿರಲಿಲ್ಲ. ಅಕ್ಕ ಹೋಗಿ ಎಂಟು ತಿಂಗಳಾಗಿತ್ತು.

ಅಕ್ಕ ಏಳು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಕಿವಿಯಕ್ಕನಿಗೆ ಹತ್ತು. ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಗದರಿದ್ದು ಎಲ್ಲ ಅಕ್ಕನೇ. ಅಕ್ಕನಿಗೆ ಮದುವೆಯಾದಾಗ ತಂಗಿಯೂ ಅವಳ ಜೊತೆ ಗಂಡನ ಮನೆಗೆ ಬಂದಳು; ಬಂದವಳು ಅಲ್ಲೇ ಉಳಿದಳು. ಮೂರನೇ ಮಹಡಿಯ ಮನೆ, ಎರಡು ಮಲಗುವ ಕೋಣೆ, ಬಟ್ಟೆ ಹೊಲಿಯುವ ಅಕ್ಕನ ಯಂತ್ರ ಕಿಟಕಿಯ ಪಕ್ಕ. ಭಾವ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು, ಈಗ ನಿವೃತ್ತ. ಅಕ್ಕ ಆಸ್ಪತ್ರೆಯಲ್ಲಿದ್ದದ್ದು ಹನ್ನೆರಡು ದಿನ. ಹದಿಮೂರನೆಯ ದಿನ ಅವಳನ್ನು ಕಳಿಸಿಕೊಟ್ಟು ಬಂದರು. ಕಿವಿಯಕ್ಕ ಬಂದವರಿಗೆಲ್ಲ ಕಾಫಿ ಕೊಟ್ಟಳು, ಲೋಟ ತೊಳೆದಳು, ಒರೆಸಿ ಜೋಡಿಸಿಟ್ಟಳು. ಅದಾದ ನಾಲ್ಕನೆಯ ದಿನ ಕೆಲಸಕ್ಕೆ ಹೋದಳು. ಅಳಲಿಲ್ಲ. ನೆಂಟರು ಮೊದಲು 'ಎಷ್ಟು ಧೈರ್ಯ' ಅಂದರು, ಆಮೇಲೆ 'ಕಲ್ಲು' ಅಂದರು.

ಆಕೆಗೂ ಇದು ವಿಚಿತ್ರವೆನಿಸಿತ್ತು. ನೋವು ಇದ್ದು ಬಚ್ಚಿಟ್ಟುಕೊಂಡಿದ್ದಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಹೇಗೋ ಹಾಗೆ: ಅಲ್ಲಿದೆ ಎಂದು ಗೊತ್ತು, ಮುಟ್ಟಿದರೆ ಏನೂ ಇಲ್ಲ. ವಾರ ಕಳೆದರೆ ಸರಿಹೋಗುತ್ತದೆ ಎಂದುಕೊಂಡಳು. ತಿಂಗಳು ಕಳೆಯಿತು. ಬಸ್ಸಿನ ಕಿಟಕಿಗೆ ತಲೆ ಆನಿಸಿ, ಒಳಗೆ ಇನ್ನೂ ಏನಾದರೂ ಉಳಿದಿದೆಯೋ ಅಥವಾ ಇಷ್ಟೇನೋ ಎಂದು ಲೆಕ್ಕ ಹಾಕುವಷ್ಟು ತಣ್ಣಗೆ ಇದ್ದಳು. ಇಷ್ಟೇ ಆದರೆ ಮುಂದಿನ ಇಪ್ಪತ್ತು ವರ್ಷ ಹೇಗೆ ಎಂಬುದೊಂದೇ ಸ್ವಲ್ಪ ಭಯ ಹುಟ್ಟಿಸುತ್ತಿದ್ದ ಯೋಚನೆ. ಆ ಭಯವೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಅಡುಗೆ ಈಗ ಭಾವನದು. ಒಂದು ಸಂಜೆ ಅವನು ತಟ್ಟೆ ಮುಂದಿಟ್ಟು ಎದುರಿಗೇ ಕೂತ.

"ಉಪ್ಪು ಹೇಗಿದೆ?"

"ಸರಿಯಾಗಿದೆ."

"ಇನ್ನೊಂದು ತುತ್ತು ತಿಂದು ಹೇಳು."

"ಸರಿಯಾಗಿದೆ ಭಾವ."

"ಉಪ್ಪೇ ಹಾಕಿಲ್ಲ ತಾಯಿ! ಮೂರು ದಿನದಿಂದ ಹಾಕ್ತಿಲ್ಲ. ಪರೀಕ್ಷೆ ಮಾಡ್ತಿದ್ದೆ." ಅವನು ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದ. "ಪರೀಕ್ಷೆ ನಿನಗೆ, ಶಿಕ್ಷೆ ನನಗೆ. ಮೂರು ದಿನ ನಾನೂ ಅದನ್ನೇ ತಿಂದಿದೀನಿ."

ಆಕೆ ನಕ್ಕಳು. ನಗಬೇಕಾದ ಜಾಗ ಎಂದು ಗೊತ್ತಾಗಿ ನಕ್ಕಳು.

ನಾನ್ನೂರ ಹದಿನೇಳನೇ ನಂಬರಿನ ಆರ್ಡರು ಬಂದದ್ದು ಆ ದಿನಗಳಲ್ಲಿ. ಕೇಳುವ ಕೋಣೆಗೆ ರೆಕಾರ್ಡು ಬರುವುದು ನಂಬರಿನ ಮೇಲೆ. ಹೆಸರು, ಚಿತ್ರ ಎಲ್ಲ ಇರುವುದು ಹೊರಗವಚದ ಮೇಲೆ, ಅದು ಪ್ಯಾಕಿಂಗಿನವರ ಪಾಲು. ಮಾದರಿ ತಂದುಕೊಟ್ಟವನು ಸೂಪರ್‌ವೈಸರ್. ಆಕೆಗಿಂತ ಹತ್ತು ವರ್ಷ ಚಿಕ್ಕವನು, ಆಕೆಯ ಕೈಯಲ್ಲೇ ಕೆಲಸ ಕಲಿತವನು. ನಾಲ್ಕು ಜನರೆದುರು ಆಕೆ ಅವನಿಗೆ 'ಸರ್' ಅನ್ನುತ್ತಾಳೆ. ಆ ಕೋಣೆಯ ಬಾಗಿಲು ಮುಚ್ಚಿದರೆ 'ನೀನು'.

"ಹನ್ನೊಂದು ಜನದ ಗುಂಪು ಅಕ್ಕ. ಹಿಂದೆ ಕಂಪನಿ ಗಿಂಪನಿ ಯಾರೂ ಇಲ್ಲ, ತಾವೇ ಸೇರಿ ಮಾಡ್ಕೊಂಡಿದ್ದಾರೆ. ವಯಲಿನ್ನು, ಚೆಲೋ, ಟ್ರಂಪೆಟ್ಟು, ಪಿಯಾನೊ, ಡ್ರಮ್ಮು, ಕೈಗೆ ಸಿಕ್ಕಿದ್ದೆಲ್ಲ ನುಡಿಸ್ತಾರೆ. ಊರೂರು ತಿರುಗ್ತಿದ್ದಾರಂತೆ. ನಮಗೆ ಮಾದರಿ ಕಳಿಸೋದು ಬೇಡ, ನಿಮ್ಮಲ್ಲಿ ಕೇಳೋರು ಒಪ್ಪಿದ್ರೆ ಸಾಕು ಅಂದ್ರು."

"ಎಷ್ಟು?"

"ಆರುನೂರು."

"ಯಾವಾಗ ಬೇಕಂತೆ?"

"ನಿನ್ನೆ."

"ಹಾಗಾದ್ರೆ ಮೊನ್ನೆ ತರಬೇಕಿತ್ತು ನೀನು." ಆಕೆ ಹೆಡ್‌ಫೋನ್ ಏರಿಸಿಕೊಂಡು ಬಾಗಿಲಿನ ಕಡೆ ಕೈ ತೋರಿಸಿದಳು.

ಮೊದಲ ಬದಿ ಸರಾಗವಾಗಿ ಕಳೆಯಿತು. ನಾಲ್ಕನೇ ನಿಮಿಷದಲ್ಲಿ ಒಂದು ಚಿಟ್; ಒರೆಸಿ ಮತ್ತೆ ಹಾಕಿದಾಗ ಇರಲಿಲ್ಲ, ಧೂಳು ಅಷ್ಟೇ. ಎರಡನೇ ಬದಿಯ ಮೊದಲ ಎರಡು ಹಾಡು ಚುರುಕಾದವು. ಡ್ರಮ್ಮಿನ ಕೆಳಗೆ ಚಿಟ್ ಅಡಗಿಕೊಳ್ಳುತ್ತದೆ. ಅಂಥಲ್ಲಿ ಆಕೆ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ ಕೇಳುತ್ತಾಳೆ. ಹೇಗೆ ಎಂದು ಕೇಳಿದರೆ ಆಕೆಗೆ ಹೇಳಲು ಬರುವುದಿಲ್ಲ. ಹನ್ನೊಂದು ಗೀಟು ಬಿದ್ದವು.

ಹನ್ನೆರಡನೇ ನಿಮಿಷಕ್ಕೆ ಮೂರನೇ ಹಾಡು ಶುರುವಾಯಿತು. ಪಿಯಾನೊದಲ್ಲಿ ನಾಲ್ಕೇ ಸ್ವರ, ಅವೇ ಮತ್ತೆ ಮತ್ತೆ. ಅದರ ಮೇಲೆ ಒಂದು ವಯಲಿನ್ ಬಂದು ಒಂದೇ ಸ್ವರ ಹಿಡಿದು ನಿಂತಿತು. ಇನ್ನೊಂದು ವಯಲಿನ್ ಬಂದು ಪಕ್ಕದಲ್ಲಿ ನಿಂತಿತು. ಆಮೇಲೆ ಚೆಲೋ, ಕೊಳಲು, ಟ್ರಂಪೆಟ್ಟು. ಯಾರೂ ಅವಸರ ಮಾಡಲಿಲ್ಲ, ಯಾರೂ ತಮ್ಮದೇ ಮುಂದಾಗಲಿ ಎಂದು ನುಗ್ಗಲಿಲ್ಲ. ಬಂದವರೆಲ್ಲ ಆ ಒಂದು ಸ್ವರಕ್ಕೆ ಹೆಗಲು ಕೊಟ್ಟರು, ಅದು ಅಗಲವಾಗುತ್ತಾ ಹೋಯಿತು. ಕೊನೆಗೆ ಹನ್ನೊಂದೂ ಜನ ಬಾಯಿಬಿಟ್ಟು ಹಾಡಿದರು, ಮಾತಿಲ್ಲ, ಬರೀ ದನಿ. ಇಡೀ ಗುಂಪು ಮೆಲ್ಲಗೆ ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತಿತ್ತು, ಎರಡು ಎಣಿಸುವಷ್ಟರಲ್ಲಿ ಒಮ್ಮೆ.

ಮೊದಲು ಆಕೆಗೆ ಗೊತ್ತಾದದ್ದು ಮೇಜಿನ ಮೇಲಿದ್ದ ತನ್ನ ಕೈಗಳ ಭಾರ. ಆಮೇಲೆ ಕತ್ತಿನ ಹಿಂಭಾಗ ಬೆಚ್ಚಗಾಯಿತು. ಹೆಡ್‌ಫೋನಿನ ಪಟ್ಟಿ ಕೂದಲನ್ನು ಒತ್ತುತ್ತಿದೆ, ಎಡಗಾಲಿನ ಚಪ್ಪಲಿ ಸಡಿಲವಾಗಿದೆ, ಉಸಿರು ಹೊಟ್ಟೆಯವರೆಗೆ ಹೋಗುತ್ತಿದೆ: ಒಂದೊಂದಾಗಿ ಎಲ್ಲ ತಿಳಿಯತೊಡಗಿತು. ಅಕ್ಕನ ನೆನಪೇನೂ ಬರಲಿಲ್ಲ. ಅಳುವೂ ಬರಲಿಲ್ಲ. ತಾನು ಇಲ್ಲಿ ಇದ್ದೇನೆ ಎಂಬುದಷ್ಟೇ ಬಂತು. ಆಕೆ ಕಣ್ಣು ಮುಚ್ಚಿದಳು.

ಕಡೆಯ ಹಾಡಿನ ಡ್ರಮ್ಮು ಬಡಿದಾಗ ಕಣ್ಣು ಬಿಟ್ಟಳು. ಹದಿನೆಂಟನೇ ನಿಮಿಷ. ಹಾಳೆಯಲ್ಲಿ ಹನ್ನೆರಡರಿಂದ ಹದಿನೇಳರವರೆಗೆ ಆರು ಚೌಕ ಖಾಲಿ ಇದ್ದವು.

ಚೌಕ ಖಾಲಿ ಬಿದ್ದರೆ ಅಷ್ಟನ್ನು ಮತ್ತೆ ಕೇಳಬೇಕು. ಆಕೆ ಮುಳ್ಳನ್ನು ಹಿಂದಕ್ಕೆ ಇಟ್ಟು, ಪೆನ್ಸಿಲನ್ನು ಬಿಗಿಯಾಗಿ ಹಿಡಿದಳು. ಪಿಯಾನೊ, ವಯಲಿನ್, ಇನ್ನೊಂದು ವಯಲಿನ್. ಚೆಲೋ ಬರುವಷ್ಟರಲ್ಲಿ ಕಣ್ಣು ಮತ್ತೆ ಮುಚ್ಚಿತ್ತು. ಎರಡನೇ ಸಲವೂ ಚೌಕಗಳು ಹಾಗೇ ಉಳಿದವು. ಮೂರನೇ ಸಲಕ್ಕೆ ಕೈ ಇಡುವಾಗ ಗೋಡೆ ಗಡಿಯಾರ ಊಟದ ಹೊತ್ತು ತೋರಿಸಿತು. ಬಿಸಿಕೈ ಬಾಗಿಲ ಗಾಜಿಗೆ ಮೂಗು ಒತ್ತಿ, ಆಯ್ತಾ ಎಂದು ಹುಬ್ಬು ಕುಣಿಸಿದ. ಆಕೆ ಆರು ಗೀಟು ಎಳೆದಳು, ಒಂದೇ ಉಸಿರಿಗೆ, ಒಂದೇ ಓರೆಯಲ್ಲಿ. ಕೆಳಗೆ ಸಹಿ ಹಾಕಿದಳು. ಮಧ್ಯಾಹ್ನವೇ ಯಂತ್ರ ನಾನ್ನೂರ ಹದಿನೇಳನ್ನು ಒತ್ತಲು ಶುರುಮಾಡಿತು.

ಆ ಸಂಜೆ ಭಾವ ಒಲೆಯ ಮುಂದೆ ನಿಂತಿದ್ದಾಗ ಆಕೆ ತಾನಾಗಿ ಮಾತು ತೆಗೆದಳು. ಎಂಟು ತಿಂಗಳಲ್ಲಿ ಅದೇ ಮೊದಲು.

"ಇವತ್ತು ಕೆಲಸದಲ್ಲಿ ಒಂದು ಹಾಡು ಕೇಳಿದೆ."

"ದಿನಾ ಕೇಳ್ತೀಯಲ್ಲ."

"ಇಲ್ಲ. ಇವತ್ತು ಕೇಳಿದೆ."

ಭಾವ ಸೌಟು ಕೆಳಗಿಟ್ಟು ತಿರುಗಿದ. "ಹೇಗಿತ್ತು?"

ಆಕೆ ಬಹಳ ಯೋಚಿಸಿದಳು. "ಉದ್ದ ಇತ್ತು."

"ಹತ್ತೊಂಬತ್ತು ವರ್ಷದ ಅನುಭವ! ಹಾಡು ಉದ್ದ ಇತ್ತು!" ಅವನು ಹಣೆ ಚಚ್ಚಿಕೊಂಡ. "ನಿಮ್ಮಕ್ಕ ಇದ್ದಿದ್ರೆ, ಹಾಡಿ ತೋರಿಸು ಅಂತ ನಿನ್ನ ಪ್ರಾಣ ತಿಂತಿದ್ಲು."

"ಒಳಗೆ ಏನೋ ಇದೆ ಭಾವ" ಅಂದಳು ಆಕೆ. "ಪೂರ್ತಿ ಹೋಗಿಲ್ಲ."

ಅವನು ಇದಕ್ಕೆ ತಮಾಷೆ ಮಾಡಲಿಲ್ಲ. ಒಲೆಯ ಕಡೆ ತಿರುಗಿ, ಕಲಕಬೇಕಾಗಿಲ್ಲದ್ದನ್ನು ಸ್ವಲ್ಪ ಹೊತ್ತು ಕಲಕಿದ.

ಮಾರನೆಯ ದಿನದಿಂದ ಆಕೆ ಕಾದಳು. ಬೇರೆ ರೆಕಾರ್ಡುಗಳು ಬಂದವು. ಗೀಟು, ಚಿಟ್, ಉಪ್ಪು, ಗೀಟು. ಏನೂ ಆಗಲಿಲ್ಲ. ಬಸ್ಸಿನಲ್ಲಿ ಆ ನಾಲ್ಕು ಸ್ವರವನ್ನು ಗುನುಗಿ ನೋಡಿದಳು, ಪಕ್ಕದವರು ತಿರುಗಿ ನೋಡಿದರು, ಅಷ್ಟೇ. ಸೂಜಿಯ ಮದ್ದು ಮತ್ತೆ ಹಿಡಿದ ಹಾಗೆ ಎಲ್ಲ ಮೊದಲಿನಂತಾಯಿತು. ಒಂದೇ ವ್ಯತ್ಯಾಸ: ಒಮ್ಮೆ ಆಗಿತ್ತು ಎಂಬುದು ಗೊತ್ತಿತ್ತು. ಮುಂದಿನ ಇಪ್ಪತ್ತು ವರ್ಷದ ಯೋಚನೆ ಬಂದಾಗ ಆಕೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಐದು ವಾರದ ನಂತರ ಒಂದು ಪೆಟ್ಟಿಗೆ ವಾಪಸು ಬಂತು. ಜೊತೆಗೆ ಗುಂಪಿನ ಚೆಲೋ ನುಡಿಸುವವಳ ಪತ್ರ. ಜಗಳದ ಪತ್ರವಾಗಿರಲಿಲ್ಲ. 'ಎರಡನೇ ಬದಿಯ ಮೂರನೇ ಹಾಡನ್ನು ನಾವು ನೆಲದ ಮೇಲೆ ನಿಂತು ನುಡಿಸಿದ್ದೆವು. ನಿಮ್ಮ ರೆಕಾರ್ಡಿನಲ್ಲಿ ಹಡಗಿನ ಮೇಲೆ ನಿಂತ ಹಾಗಿದೆ. ದಯವಿಟ್ಟು ಪರೀಕ್ಷಿಸಿ' ಎಂದಿತ್ತು.

ಪರೀಕ್ಷಿಸಿದರು. ಎರಡನೇ ಬದಿಯ ಅಚ್ಚಿಗೆ ತೂತು ಹೊಡೆಯುವಾಗಲೇ ಅದು ಸರಿದಿತ್ತು. ಆರುನೂರೂ ಒಂದೇ ಅಚ್ಚಿನವು, ಆರುನೂರರಲ್ಲೂ ತೂಗು. ಎಲ್ಲವನ್ನೂ ತರಿಸಿ, ಪುಡಿ ಮಾಡಿ, ಹೊಸ ಅಚ್ಚಿನಿಂದ ಒತ್ತಿಕೊಡುವುದೆಂದು ತೀರ್ಮಾನವಾಯಿತು. ಹಳೆಯ ಹಾಳೆ ಹೊರಬಂತು. ಕೆಳಗೆ ಕಿವಿಯಕ್ಕನ ಸಹಿ.

ಸೂಪರ್‌ವೈಸರ್ ಹಳೆಯ ರೆಕಾರ್ಡೊಂದನ್ನೂ ಹೊಸ ಅಚ್ಚಿನ ಮಾದರಿಯೊಂದನ್ನೂ ಹಿಡಿದು ಕೋಣೆಗೆ ಬಂದ, ಬಾಗಿಲು ಮುಚ್ಚಿದ, ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿದ.

"ಮೊದಲು ಹಳೇದು ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ ಅಕ್ಕ. ಹಾಕ್ಲೇಬೇಕು."

"ಹಾಕು."

ಈ ಸಲ ಆಕೆ ಕಣ್ಣು ಬಿಟ್ಟುಕೊಂಡೇ ಇದ್ದಳು. ವಯಲಿನ್ ಬಂದು ನಿಂತಿತು. ತೋಳು ಎಡಕ್ಕೆ ಹೋಗಿ ಬಲಕ್ಕೆ ಬಂತು, ಎಡಕ್ಕೆ ಹೋಗಿ ಬಲಕ್ಕೆ ಬಂತು. ಕೆಲಸಕ್ಕೆ ಸೇರಿ ವಾರವಾದವರೂ ಹಿಡಿಯಬಹುದಾದ ತೂಗು. ಹನ್ನೊಂದು ಜನ ಸೇರಿ ಮೇಲಕ್ಕೆ ಹೋಗಿ ಕೆಳಕ್ಕೆ ಬಂದರೆಂದು ಆಕೆ ಅಂದುಕೊಂಡದ್ದು ಅವರು ಮಾಡಿದ್ದಲ್ಲ, ತೂತು ಮಾಡಿದ್ದು. ಆಕೆ ಕೈಯಾಡಿಸಿ ನಿಲ್ಲಿಸಲು ಹೇಳಿದಳು.

"ಈಗ ಹೊಸದು. ಹಾಳೆ ತಗೊಳ್ಳಿ."

ಎರಡನೇ ಬದಿ ಮೊದಲಿನಿಂದ. ಹನ್ನೊಂದು ಗೀಟು. ಹನ್ನೆರಡನೇ ನಿಮಿಷ ಬಂತು, ಪಿಯಾನೊ ಬಂತು, ವಯಲಿನ್ ಬಂತು. ಗೆರೆ ಎಳೆದ ಹಾಗೆ ನೇರವಾಗಿತ್ತು. ಚೆಲೋ, ಕೊಳಲು, ಟ್ರಂಪೆಟ್ಟು, ದನಿಗಳು. ಗೀಟು, ಗೀಟು, ಗೀಟು. ಆಕೆ ಕಾದಳು. ಕೈಗಳು ಮೇಜಿನ ಮೇಲೆ ಬೇರೆಯವರ ಕೈಗಳ ಹಾಗೆ ಬಿದ್ದಿದ್ದವು. ಹದಿನೇಳನೇ ಚೌಕಕ್ಕೂ ಗೀಟು ಬಿತ್ತು. ಏನೂ ಆಗಲಿಲ್ಲ.

ಸೂಪರ್‌ವೈಸರ್ ಹಾಳೆ ಎತ್ತಿ ನೋಡಿದ. ಮುಖ ಅರಳಿತು.

"ಒಂದೂ ಬಿಟ್ಟಿಲ್ಲ! ನನಗೆ ಗೊತ್ತಿತ್ತು, ಕಿವಿಗೆ ಏನೂ ಆಗಿಲ್ಲ. ಇನ್ನು ಮ್ಯಾನೇಜರಿಗೆ ಒಂದು ಕಾರಣ ಬೇಕು ಅಷ್ಟೇ. ನೆಗಡಿ ಅಂತ ಬರೆದುಕೊಡಿ. ಕಿವಿ ಕಟ್ಟಿತ್ತು ಅಂತ. ನಾನು ಕೆಳಗೆ ಸಹಿ ಹಾಕ್ತೀನಿ."

"ತೂಗು ಕಣ್ಣಿಗೂ ಕಾಣುತ್ತೆ. ಕಣ್ಣಿಗೇನಾಗಿತ್ತು ಅಂತ ಕೇಳಿದ್ರೆ?"

"ನೆಗಡಿಗೆ ಕಣ್ಣಲ್ಲೂ ನೀರು ಬರುತ್ತೆ. ಅದನ್ನೂ ಬರೀರಿ."

"ನನ್ನ ಕಣ್ಣಲ್ಲಿ ನೀರು ಬಂದು ಎಷ್ಟು ದಿನ ಆಯ್ತು ಗೊತ್ತಾ ನಿನಗೆ?"

ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ಅಕ್ಕ ತೀರಿಕೊಂಡಾಗ ಬಂದು ಹೋದವರಲ್ಲಿ ಅವನೂ ಒಬ್ಬ, ಕಾಫಿ ಕುಡಿದಿದ್ದ.

"ನಿಜವಾಗಿ ಏನಾಯ್ತು ಅಕ್ಕ?"

"ಹಾಡು ಕೇಳ್ತಿದ್ದೆ. ಗೀಟು ಆಮೇಲೆ ಎಳೆದೆ."

ಅವನು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದ. "ಇದನ್ನ ನನಗೆ ಹೇಳಿದ್ರಿ, ಮುಗೀತು. ಇನ್ಯಾರಿಗೂ ಹೇಳಬೇಡಿ. ನೆಗಡಿ ಆದ್ರೆ ಎರಡು ದಿನ ರಜೆ, ವಾಪಸು ಇದೇ ಕುರ್ಚಿ. ಕೇಳದೆ ಗೀಟು ಎಳೆದವರಿಗೆ ಈ ಕೋಣೆ ಇಲ್ಲ, ಪ್ಯಾಕಿಂಗ್. ಈ ನಿಯಮ ನೀವೇ ನನಗೆ ಹೇಳಿಕೊಟ್ಟಿದ್ದು."

"ಕೇಳದೆ ಎಳೆದಿಲ್ಲ ಕಣೋ. ಕೇಳ್ತಿದ್ದೆ ಅಂದ್ನಲ್ಲ."

"ಅದನ್ನ ಮ್ಯಾನೇಜರಿಗೆ ಹೇಗೆ ಅರ್ಥ ಮಾಡಿಸ್ಲಿ ನಾನು?" ಅವನು ಖಾಲಿ ಕಾಗದವೊಂದನ್ನು ಆಕೆಯ ಮುಂದಿಟ್ಟ. "ನಾಳೆ ಬೆಳಿಗ್ಗೆ ಕೊಡಿ. ನೆಗಡಿ. ಮೂರೇ ಅಕ್ಷರ ಅಕ್ಕ."

ಕಾಗದ ಮನೆಗೆ ಬಂದು ಊಟದ ಮೇಜಿನ ಮೇಲೆ ಕೂತಿತು. ಭಾವ ಕತೆಯನ್ನೆಲ್ಲ ಕೇಳಿಸಿಕೊಂಡು ಕುರ್ಚಿ ಎಳೆದುಕೊಂಡ.

"ಬರೆದುಬಿಡು ತಾಯಿ, ಇದರಲ್ಲೇನಿದೆ? ನಾನು ಸರ್ವೀಸಿನಲ್ಲಿ ಹದಿನಾಲ್ಕು ಸಲ ಹೊಟ್ಟೆನೋವು ಅಂತ ಬರೆದಿದೀನಿ. ನಿಮ್ಮಕ್ಕನ್ನ ಮೊದಲು ನೋಡೋಕೆ ಬಂದ ದಿನವೂ ಹೊಟ್ಟೆನೋವೇ. ಆಫೀಸಿನ ಫೈಲಲ್ಲಿ ಇವತ್ತಿಗೂ ಇರುತ್ತೆ."

"ಅವತ್ತು ಹೊಟ್ಟೆ ನೋಯ್ತಿತ್ತಾ?"

"ಎಲ್ಲಿ ಬಂತು! ನಿಮ್ಮಕ್ಕ ಬಾಗಿಲು ತೆಗೆದಾಗ ಹೊಟ್ಟೆ ಇದೆ ಅನ್ನೋದೇ ಮರೆತುಹೋಗಿತ್ತು."

"ಅದನ್ನ ಹೊಟ್ಟೆನೋವು ಅಂತ ಬರೆದಿದ್ದಕ್ಕೆ ಈಗ ಏನೂ ಅನ್ನಿಸಲ್ವಾ ಭಾವ?"

ಭಾವ ಯೋಚಿಸಿದ. ಕಿಟಕಿಯ ಪಕ್ಕದ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಅವನು ಅತ್ತ ನೋಡಲಿಲ್ಲ.

"ಇಲ್ಲ" ಅಂದ. "ಯಾಕಂದ್ರೆ ಅವಳು ಆಮೇಲೂ ಮೂವತ್ತೊಂದು ವರ್ಷ ಇದ್ಲಲ್ಲ. ಒಂದು ದಿನ ಕಾಗದದಲ್ಲಿ ಹೋದ್ರೆ ಹೋಯ್ತು."

"ನನಗೆ ಇರೋದೇ ಆರು ನಿಮಿಷ" ಅಂದಳು ಆಕೆ. ದನಿಯಲ್ಲಿ ಏರಿಳಿತವಿರಲಿಲ್ಲ, ಹಾಲು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. "ಅದೂ ರೆಕಾರ್ಡಿನ ಪ್ಲೇಟು ಕೆಟ್ಟಿತ್ತು ಅಂತ ಬಂದಿದ್ದೋ ಏನೋ. ಸರಿಯಾಗಿರೋದನ್ನ ಹಾಕಿದ್ರು, ಏನೂ ಆಗ್ಲಿಲ್ಲ. ಇನ್ನು ಅದು ಬರುತ್ತೋ ಇಲ್ವೋ ಗೊತ್ತಿಲ್ಲ. ಅದನ್ನ ನೆಗಡಿ ಅಂತ ನಾನೇ ಬರೆದುಕೊಟ್ರೆ, ಆಮೇಲೆ ನನಗೇ ಅನುಮಾನ ಶುರುವಾಗುತ್ತೆ."

ಭಾವ ಕಾಗದವನ್ನು ಆಕೆಯ ಕಡೆಗೆ ತಳ್ಳಿದ. ಪೆನ್ನನ್ನೂ ತಂದುಕೊಟ್ಟ. "ಅಕ್ಷರ ದುಂಡಗೆ ಬರಿ" ಅಂದ. "ನಿಮ್ಮ ಮ್ಯಾನೇಜರ್ ಆಮೇಲೆ ಓದೋಕಾಗ್ಲಿಲ್ಲ ಅಂತ ತಪ್ಪಿಸ್ಕೋಬಾರದು."

ಆಕೆ ಬರೆದದ್ದು ಐದು ಸಾಲು. 'ಆರ್ಡರ್ ನಂಬರ್ ನಾನ್ನೂರ ಹದಿನೇಳರ ಮಾದರಿಯ ಎರಡನೇ ಬದಿಯಲ್ಲಿ ಹನ್ನೆರಡರಿಂದ ಹದಿನೇಳನೇ ನಿಮಿಷದವರೆಗೆ ನಾನು ಗೀಟು ಹಾಕಲಿಲ್ಲ. ಕಣ್ಣು ಮುಚ್ಚಿದ್ದೆ. ಹಾಡು ಕೇಳುತ್ತಿದ್ದೆ. ಗೀಟುಗಳನ್ನು ಆಮೇಲೆ ಎಳೆದು ಸಹಿ ಮಾಡಿದೆ. ನನಗೆ ನೆಗಡಿ ಇರಲಿಲ್ಲ.' ಕೊನೆಯ ವಾಕ್ಯ ಬೇಕಿರಲಿಲ್ಲ. ಸೂಪರ್‌ವೈಸರ್ ಅದನ್ನಾದರೂ ಹೊಡೆದುಹಾಕಿ ಎಂದು ಕೇಳಿಕೊಂಡ. ಆಕೆ ಹೊಡೆಯಲಿಲ್ಲ.

ಮ್ಯಾನೇಜರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

"ಹಾಡು ಕೇಳುತ್ತಿದ್ದೆ ಅಂತ ಬರೆದಿದೀರಿ. ನಿಮ್ಮ ಕೆಲಸ ಅದೇ ಅಲ್ವಾ?"

"ಅಲ್ಲ ಸರ್."

ಅವರು ಸೂಪರ್‌ವೈಸರ್ ಕಡೆ ನೋಡಿದರು. ಅವನು ಚಾವಣಿಯ ಫ್ಯಾನು ನೋಡುತ್ತಿದ್ದ. ಆಕೆಯನ್ನು ಆ ವಾರವೇ ಪ್ಯಾಕಿಂಗಿಗೆ ಹಾಕಿದರು. ಕೇಳುವ ಕುರ್ಚಿಗೆ ಉಗ್ರಾಣದ ಗುಮಾಸ್ತೆಯೊಬ್ಬಳು ಬಂದಳು, ಒಳ್ಳೆಯ ಕಿವಿ. ಕಿವಿಯಕ್ಕ ಎರಡು ದಿನ ಪಕ್ಕದಲ್ಲಿ ನಿಂತು ಅವಳಿಗೆ ಚಿಟ್ಟಿಗೂ ಹೊಲಿಗೆಗೂ ಇರುವ ಅಂತರ ಹೇಳಿಕೊಟ್ಟಳು.

ಪ್ಯಾಕಿಂಗ್ ನಡೆಯುವುದು ಉದ್ದನೆಯ ಹಾಲಿನಲ್ಲಿ, ಕಿಟಕಿಗಳಿವೆ, ಗಲಾಟೆ ಇದೆ. ಎಂಟು ಹೆಂಗಸರು ಎರಡು ಮೇಜು. ರೆಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು ತೆಳು ಕಾಗದದ ಚೀಲಕ್ಕೆ, ಅದನ್ನು ರಟ್ಟಿನ ಕವಚಕ್ಕೆ ಇಳಿಸಬೇಕು. ಮೇಜಿನ ತಲೆಯಲ್ಲಿ ಕೂರುವವಳನ್ನು ಗೋಂದಕ್ಕ ಅನ್ನುತ್ತಾರೆ. ಕವಚಗಳಿಗೆ ಅಂಟು ಹಚ್ಚುವುದು ಅವಳ ಕೆಲಸ, ಯಾರಿಗಾದರೂ ಮಾತು ಅಂಟಿಸುವುದು ಅವಳ ಹವ್ಯಾಸ.

"ಬನ್ನಿ ಬನ್ನಿ ಮಹಾರಾಣಿ. ಇಲ್ಲಿ ಕುರ್ಚಿ ಇಲ್ಲ, ಬೆಂಚು. ಹೆಡ್‌ಫೋನೂ ಇಲ್ಲ. ನನ್ನ ಬಾಯಿ ಇದೆ, ಅದನ್ನೇ ಕೇಳ್ತಾ ಕೂತ್ಕೊಳ್ಳಿ. ಉಪ್ಪು ಗಿಪ್ಪು ಸಿಕ್ಕಿದ್ರೆ ಬರ್ಕೊಳ್ಳಿ."

"ಹೊಲಿಗೆ ಇದೆ" ಅಂದಳು ಕಿವಿಯಕ್ಕ. "ಹೇಳಿದ್ದನ್ನೇ ಹೇಳ್ತೀರಿ."

ಬೆಂಚಿಗೆ ಬೆಂಚೇ ನಕ್ಕಿತು. ಗೋಂದಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮೊದಲ ವಾರದ ಕೊನೆಯಲ್ಲಿ ಹೊಸದಾಗಿ ಒತ್ತಿದ ನಾನ್ನೂರ ಹದಿನೇಳು ಮೇಜಿಗೆ ಬಂತು. ಜೊತೆಗೆ ಕವಚಗಳು. ಆಗ ಕಿವಿಯಕ್ಕ ಹೆಸರು ನೋಡಿದಳು. ಗುಂಪಿನ ಹೆಸರು 'ಮಹಡಿ ಮೆಟ್ಟಿಲು', ರೆಕಾರ್ಡಿನ ಹೆಸರು 'ಎಲ್ಲರೂ ಒಳಗೆ ಬನ್ನಿ'. ಚಿತ್ರದಲ್ಲಿ ಹನ್ನೊಂದು ಜನ ಒಂದು ಸಣ್ಣ ಕೋಣೆಯಲ್ಲಿ ಇಕ್ಕಟ್ಟಾಗಿ ನಿಂತಿದ್ದರು. ಯಾರದೋ ಮೊಣಕೈ ಯಾರದೋ ಪಕ್ಕೆಗೆ ತಗುಲಿತ್ತು. ಚೆಲೋ ಹಿಡಿದವಳು ನಗುತ್ತಿದ್ದಳು.

"ಇದೇನಾ ನಿಮ್ಮ ಕುರ್ಚಿ ತಿಂದ ಪ್ಲೇಟು?" ಗೋಂದಕ್ಕ ಕೇಳಿದಳು.

"ಅಲ್ಲ. ಅದನ್ನ ಪುಡಿ ಮಾಡಿದ್ರು. ಇದು ಸರಿಯಾಗಿರೋದು."

"ಹಾಡು ಅದೇ ತಾನೇ?"

"ಅದೇ."

"ಹೇಗಿದೆ?"

ಕಿವಿಯಕ್ಕ ಒಂದು ರೆಕಾರ್ಡನ್ನು ಚೀಲಕ್ಕೆ ಇಳಿಸಿದಳು, ಚೀಲವನ್ನು ಕವಚಕ್ಕೆ ಇಳಿಸಿದಳು. ಹಾಡು ಹೇಗಿದೆ ಎಂದು ಹೇಳುವ ಮಾತುಗಳು ಆಕೆಯ ಬಳಿ ಹೆಚ್ಚಿರಲಿಲ್ಲ. ಇದ್ದಷ್ಟನ್ನು ಜೋಡಿಸಿದಳು.

"ಮೊದಲು ಪಿಯಾನೊ ನಾಲ್ಕು ಸ್ವರ ಹೇಳುತ್ತೆ. ಆಮೇಲೆ ಒಬ್ಬರು ಬಂದು ನಿಂತ್ಕೋತಾರೆ, ಇನ್ನೊಬ್ಬರು ಬರ್ತಾರೆ. ಬಂದವರು ಯಾರೂ ವಾಪಸು ಹೋಗಲ್ಲ. ಕೊನೆಗೆ ಎಲ್ಲರೂ ಇರ್ತಾರೆ."

"ಅಷ್ಟೇನಾ?"

"ಅಷ್ಟೇ."

"ಚೆನ್ನಾಗಿದ್ಯಾ?"

"ಚೆನ್ನಾಗಿದೆ" ಅಂದಳು ಕಿವಿಯಕ್ಕ. ಹತ್ತೊಂಬತ್ತು ವರ್ಷದಲ್ಲಿ ಯಾವ ರೆಕಾರ್ಡಿನ ಬಗ್ಗೆಯೂ ಆಕೆ ಆಡಿರದ ಮಾತು. ಸ್ವಲ್ಪ ತಡೆದು ಸೇರಿಸಿದಳು: "ಈ ಪ್ಲೇಟಲ್ಲಿ ನನಗೆ ಏನೂ ಆಗ್ಲಿಲ್ಲ. ಆದ್ರೂ ಚೆನ್ನಾಗಿದೆ."

"ಏನೂ ಆಗ್ದೇ ಇದ್ಮೇಲೆ ಚೆನ್ನಾಗಿದೆ ಅಂತ ಹೇಗೆ ಗೊತ್ತು?"

"ಒಂದು ಸಲ ಆಗಿತ್ತು."

ಗೋಂದಕ್ಕ ಕೈಯ ಗೋಂದು ಒರೆಸಿಕೊಂಡಳು. ಆಮೇಲೆ ಇನ್ನೊಂದು ಕಟ್ಟು ಕವಚವನ್ನು ಆಕೆಯ ಕಡೆಗೆ ಸರಿಸಿದಳು.